ಮಗುವನ್ನು ಸೀರಿಯಲ್‌ಗೆ ಕಳಿಸೋ ಮುಂಚೆ ಪೇಮೆಂಟ್ ಯಾರ ಖಾತೆಗೆ ಅಂತ ಕೇಳಿ

ತುಮಕೂರಿನ ಟೌನ್‌ಹಾಲ್ ಸರ್ಕಲ್ ಹತ್ತಿರ ಮತ್ತೆ ಚೀಟಿ ಅಂಟಿಸಿದ್ದಾರೆ: ‘ಧಾರಾವಾಹಿಗೆ ಮಕ್ಕಳು ಬೇಕಾಗಿದ್ದಾರೆ’. ಕಂಪನಿ ಹೆಸರಿಲ್ಲ, ವಿಳಾಸ ಇಲ್ಲ, ಒಂದು ಮೊಬೈಲ್ ನಂಬರ್ ಅಷ್ಟೇ. ನಮ್ಮ ಬೀದಿಯ ಆಂಟಿ ಫೋನ್ ಮಾಡಿದ್ರೆ ‘ಪೋರ್ಟ್‌ಫೋಲಿಯೊ’ಗೆ, ಅಂದ್ರೆ ಮಗುವಿನ ಫೋಟೊ ಆಲ್ಬಂಗೆ, ಅಂತ ಮೊದಲೇ ದುಡ್ಡು ಕೇಳಿದ್ದಾರೆ. ಇಂಥವರಿಗೆ ಒಂದು ರೂಪಾಯಿನೂ ಹಾಕಬೇಡಿ. ಹಾಕಿ ಆಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇದು ಕಣ್ಣಿಗೆ ಕಾಣೋ ಮೋಸ. ನಾನು ಹೇಳಬೇಕಾಗಿರೋದು ನಿಜವಾದ ಸೀರಿಯಲ್, ನಿಜವಾದ ಪಾತ್ರ ಸಿಕ್ಕಿದ ಮೇಲೆ ಆಗೋದರ ಬಗ್ಗೆ. ಹೈಸ್ಕೂಲ್ ಸೇರೋವರೆಗೆ ನಾನೂ ಬಾಲನಟಿ. ಈಗ ಡಿಗ್ರಿ ಓದ್ತಿದ್ದೀನಿ.

ನಟನೆ ನನಗೆ ಇಷ್ಟ ಇತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮನ್ನು ಸೆಟ್‌ಗೆ ಸೇರಿಸಿದ ಕೋಆರ್ಡಿನೇಟರ್ ಮೊದಲ ದಿನವೇ ಅಪ್ಪನಿಗೆ ಹೇಳಿದ್ದು, ‘ಪೇಮೆಂಟ್ ನಮ್ಮ ಅಕೌಂಟಿಗೆ ಬಂದು ನಿಮಗೆ ಬರುತ್ತೆ ಸಾರ್, ಎಲ್ಲರದ್ದೂ ಹಾಗೇ’. ಕಮಿಷನ್ ಮುರ್ಕೊಂಡು ಉಳಿದದ್ದು ಕೊಡ್ತಿದ್ದ, ಅದೂ ತಿಂಗಳುಗಟ್ಟಲೆ ತಡವಾಗಿ. ಅಗ್ರಿಮೆಂಟ್ ಅಂತ ಒಂದು ಹಾಳೆನೂ ಇರಲಿಲ್ಲ.

ಆಮೇಲೆ ಕಥೆಯಲ್ಲಿ ಲೀಪ್ ಬಂತು, ಅಂದ್ರೆ ಕಥೆ ಒಮ್ಮೆಲೇ ವರ್ಷಗಟ್ಟಲೆ ಮುಂದಕ್ಕೆ ಹಾರಿತು. ನಾನು ಸೈಕಲ್ ಹತ್ತಿ ಹೊರಟೆ, ಕ್ಯಾಮೆರಾ ಚಕ್ರದ ಮೇಲೆ ನಿಂತಿತು, ಸೈಕಲ್ಲಿಂದ ಇಳಿದವಳು ದೊಡ್ಡ ಹುಡುಗಿ. ತೆರೆ ಮೇಲೆ ‘ಹದಿನೈದು ವರ್ಷಗಳ ನಂತರ’. ಅದು ನನ್ನ ಕೊನೇ ಸೀನ್ ಅಂತ ನಮಗೆ ಗೊತ್ತಾಗಿದ್ದು ಅವತ್ತು ಸೆಟ್‌ನಲ್ಲೇ. ಬಾಕಿ ಪೇಮೆಂಟ್ ಕೇಳಿದ್ರೆ ಕೋಆರ್ಡಿನೇಟರ್ ಮೊದಮೊದಲು ‘ಮೀಟಿಂಗ್‌ನಲ್ಲಿದ್ದೀನಿ’, ಆಮೇಲೆ ಫೋನೇ ಎತ್ತಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ವೋಚರ್ ತೆಗೆದು ತೋರಿಸಿದರು: ಪೂರ್ತಿ ಸಂದಾಯ, ಕೆಳಗೆ ಅಪ್ಪನ ಹೆಸರಲ್ಲಿ ಇಂಗ್ಲಿಷ್ ಸಹಿ. ನಮ್ಮಪ್ಪ ಜೀವಮಾನದಲ್ಲಿ ಕನ್ನಡದಲ್ಲಿ ಬಿಟ್ಟು ಸಹಿ ಹಾಕಿದವರಲ್ಲ.

ಕಾನೂನು ಇಲ್ಲದೆ ಏನಿಲ್ಲ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20% ನೇರವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಎಫ್‌ಡಿ ಆಗಬೇಕು. ಶೂಟಿಂಗ್ ನಡೆಯೋ ಜಿಲ್ಲೆಯ ಡಿಸಿ ಹತ್ತಿರ ನಿರ್ಮಾಪಕರು ಅನುಮತಿ ತಗೋಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಒಂದೇ ಸಮ 3 ಗಂಟೆಗಿಂತ ಹೆಚ್ಚು ಇಲ್ಲ, ಓದಿಗೆ ತೊಂದರೆ ಆಗಬಾರದು. ನಾನಿದ್ದ ಸೆಟ್‌ನಲ್ಲಿ ಈ ಮಾತನ್ನು ಯಾರೂ ಎತ್ತಿದ್ದೇ ಇಲ್ಲ. ಬೆಳಿಗ್ಗೆ ಕತ್ತಲಲ್ಲೇ ತುಮಕೂರಿಂದ ಬಸ್ಸು, ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೋ, ಪ್ಯಾಕಪ್ ಆಗೋದು ರಾತ್ರಿ. ‘ದೊಡ್ಡವರ ಕಾಂಬಿನೇಷನ್ (ಒಟ್ಟಿಗೆ ಇರೋ ಸೀನ್) ಮುಗೀಲಿ ಪುಟ್ಟಿ’ ಅಂತ ಮೇಕಪ್ ರೂಮಿನಲ್ಲಿ ಕೂರಿಸಿದ್ದೇ ಹೆಚ್ಚು. ಹೋಮ್‌ವರ್ಕ್ ನೋಟ್‌ಬುಕ್‌ಗೆಲ್ಲ ಪ್ಯಾನ್‌ಕೇಕ್ ಮೇಕಪ್ ಮೆತ್ತಿಕೊಂಡಿರ್ತಿತ್ತು.

‘ಪುನೀತ್ ಕೂಡ ಬಾಲನಟನಾಗೇ ಬಂದಿದ್ದು’ ಅಂತ ನಿಮಗೂ ಹೇಳ್ತಾರೆ. ನಿಜ, 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿನೂ ಬಂತು. ರಾಜ್‌ಕುಮಾರ್ ಮನೆಯ ಹುಡುಗ, ಅಷ್ಟು ಪ್ರತಿಭೆ, ಆದರೂ ಹೀರೋ ಆಗಿದ್ದು 2002ರಲ್ಲಿ. ನಮ್ಮಂಥವರನ್ನು ಲೀಪ್ ಆದ ಮೇಲೆ ಕೇಳೋರಿಲ್ಲ.

ಕಳಿಸಲೇಬೇಕು ಅಂತಿದ್ರೆ ಮೊದಲ ಕಾಲ್‌ಶೀಟ್‌ಗೆ ಮುಂಚೆಯೇ ಕೋಆರ್ಡಿನೇಟರ್‌ನ ಬಿಟ್ಟು ಪ್ರೊಡಕ್ಷನ್ ಆಫೀಸಿಗೆ ನೇರ ಹೋಗಿ. ಡಿಸಿ ಅನುಮತಿ ಪತ್ರ ನೋಡಿ, ಮಗುವಿನ ಬ್ಯಾಂಕ್ ಖಾತೆ ನಂಬರನ್ನು ಅಗ್ರಿಮೆಂಟಿನಲ್ಲಿ ಬರೆಸಿ, ಪ್ರತಿ ಪೇಮೆಂಟಿನ ವೋಚರ್ ಫೋಟೊ ತೆಗೆದಿಟ್ಟುಕೊಳ್ಳಿ. ‘ಅದೆಲ್ಲ ಆಮೇಲೆ ಮೇಡಂ’ ಅಂದ್ರೆ ಮುಂದಿನ ಬಸ್ಸಿಗೇ ಊರಿಗೆ ಬನ್ನಿ. ಶೂಟಿಂಗ್ ಶುರುವಾದ ಮೇಲೆ ಮಗುವನ್ನು ರಾತ್ರಿವರೆಗೂ ದುಡಿಸಿಕೊಂಡ್ರೆ ದೂರು ಕೊಡೋಕೆ ಮಕ್ಕಳ ಸಹಾಯವಾಣಿ 1098 ಇದೆ.