ಪೈಪ್ ಸ್ಟೆಮ್‌ಗೆ ಲೋಗೋ ಡೈ ಆನ್‌ಲೈನ್‌ನಲ್ಲಿ ಮಾಡಿಸುವವರೇ, ದುಡ್ಡು ಹಾಕುವ ಮೊದಲು ಓದಿ

ತಂಬಾಕು ಪೈಪ್ ಕೈಯಲ್ಲೇ ಮಾಡುವವರು ಅದರ ಸ್ಟೆಮ್ (ಬಾಯಿಗಿಡುವ ಕೊಳವೆ) ಮೇಲೆ ಲೋಗೋ ಒತ್ತಲು ಹಿತ್ತಾಳೆ ಡೈ (ಕಾಯಿಸಿ ಒತ್ತುವ ಅಚ್ಚು) ಮಾಡಿಸುತ್ತಿದ್ದೀರಾ? ಸ್ವಲ್ಪ ತಡೆಯಿರಿ. ನನಗೆ ಡೈ ದುಡ್ಡೂ ಹೋಯಿತು, ಪಾಲಿಶ್ ಮುಗಿಸಿಟ್ಟಿದ್ದ ಎಬೊನೈಟ್ (ಗಟ್ಟಿ ರಬ್ಬರ್) ಸ್ಟೆಮ್ಮೂ ಹೋಯಿತು.

ಆರ್ಡರ್‌ನಲ್ಲಿ ಬರೆದೇ ಕೊಟ್ಟಿದ್ದೆ: ಸ್ಟೆಮ್ 12 ಮಿ.ಮೀ. ದುಂಡು, ಲೋಗೋ 4 ಮಿ.ಮೀ. ಅಗಲ, ಡೈ ಮುಖ ಒಳಬಾಗಿರಬೇಕು, ಕೆತ್ತನೆಯ ಆಳ 1 ಮಿ.ಮೀ. "ಆಯ್ತು ಸರ್, ನಮ್ಮದೆಲ್ಲ ಡೀಪ್ ಎನ್‌ಗ್ರೇವಿಂಗೇ" ಅಂದರು ಡೈ ಮಾಡುವವರು. ಬಂದದ್ದು ಚಪ್ಪಟೆ ಮುಖದ್ದು. ಉಗುರು ಆಡಿಸಿದರೆ ಅಕ್ಷರದ ಅಂಚು ಇದೆಯೋ ಇಲ್ಲವೋ ಅನ್ನುವಷ್ಟು. ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಇಳಿಸಿ ನೋಡಿದರೆ ಆಳ 0.2 ಮಿ.ಮೀ.!

ಲೆಕ್ಕ ಕೇಳಿ. 12 ಮಿ.ಮೀ. ದುಂಡಿನ ಮೇಲೆ 4 ಮಿ.ಮೀ. ಅಗಲಕ್ಕೆ ನಡುವಿಗಿಂತ ಅಂಚು 0.34 ಮಿ.ಮೀ. ಕೆಳಗಿರುತ್ತದೆ. ಆಳ ಇರುವುದೇ 0.2. ಅಂಚಿನ ಗೆರೆ ಸ್ಟೆಮ್ಮಿಗೆ ತಾಗುವ ಮೊದಲೇ ಡೈಯ ತಳ (ಅಕ್ಷರಗಳ ಸುತ್ತಲಿನ ತಗ್ಗು) ನಡುವೆ ಕೂತುಬಿಡುತ್ತದೆ. ಸಿಗುವುದು ಹೊಳೆಯುವ ಒಂದು ಮಚ್ಚೆ, ಅದರೊಳಗೆ ಅರ್ಧ ಲೋಗೋ. ಶಾಖ ಏರಿಸಿದರೆ ಗಂಧಕದ ವಾಸನೆ ಬಂದು ಸ್ಟೆಮ್ಮಿನ ಮೈ ಸುಡುತ್ತದೆಯೇ ಹೊರತು ಅಂಚು ಮೂಡುವುದಿಲ್ಲ. ಎರಡನೇ ಸಲ ಅದೇ ಜಾಗಕ್ಕೆ ಕೂರಿಸಲು ಹೋದರೆ ಜೋಡಿ ಗೆರೆ. ಮೂಡಿದ್ದಷ್ಟಕ್ಕೆ ಬಿಳಿ ಬಣ್ಣ ತುಂಬಿದರೆ ಒರೆಸುವ ಬಟ್ಟೆಗೇ ಬಣ್ಣವೆಲ್ಲ. ಉಳಿದದ್ದನ್ನು ಹೊಳಪು ಕೊಡುವ ಬಫಿಂಗ್ ಅಳಿಸುತ್ತದೆ.

ಫೋಟೋ ಕಳಿಸಿದೆ. ಉತ್ತರ: "ಲೆದರ್ ಮೇಲೆ ಸೂಪರ್ ಬರುತ್ತೆ ಸರ್, ನಿಮ್ಮ ಪ್ಲಾಸ್ಟಿಕ್ಕೇ ಸರಿ ಇಲ್ಲ."

ಲೆದರ್! ಮೆತ್ತಗೆ, ಚಪ್ಪಟೆಯಾಗಿ ಮೇಜಿನ ಮೇಲೆ ಹಾಸಿರುವ ಲೆದರ್. ಅವರು ತೋರಿಸಿದ ವಿಡಿಯೋಗಳೂ ಅದರದ್ದೇ ಅಂತ ಆಗ ಹೊಳೆಯಿತು. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್, ಪ್ಲಾಸ್ಟಿಕ್ ಅಲ್ಲ ಅಂದೆ. "ಕಸ್ಟಮ್ ಆರ್ಡರ್‌ಗೆ ರಿಟರ್ನ್ ಇಲ್ಲ ಸರ್. ಬಾಗಿದ ಮುಖ ಬೇಕಂದ್ರೆ ಎಕ್ಸ್‌ಟ್ರಾ ಆಗುತ್ತೆ." ನಾನು ಮೊದಲ ದಿನವೇ ಕೇಳಿದ್ದು ಅದನ್ನೇ ಅಲ್ಲವೇನ್ರೀ?

ಪೂರ್ತಿ ಹಣ ಮುಂಗಡ ಕೊಡಬೇಡಿ. ಡೈಯನ್ನು ಪಕ್ಕದಿಂದ, ವರ್ನಿಯರ್ ಹಿಡಿದು ತೆಗೆದ ಫೋಟೋ ಕೇಳಿ. ನಿಮ್ಮದೇ ಎಬೊನೈಟ್ ರಾಡ್ ತುಂಡು ಕಳಿಸಿ, ಅದರ ಮೇಲೆ ಒತ್ತಿ ತೋರಿಸಲಿ. ಕೊಂಯ್‌ಕೊಂಯ್ ಅಂದರೆ ಬಿಟ್ಟುಬಿಡಿ. ಒತ್ತಿದ ಸ್ಟೆಮ್ಮನ್ನು ಆಮೇಲೆ ಬಗ್ಗಿಸಲು ಕಾಯಿಸಬೇಡಿ, ಎಬೊನೈಟ್ ಹಳೇ ಆಕಾರಕ್ಕೆ ಮರಳುವ ಜಾತಿ, ಗುರುತು ಮೇಲೆದ್ದು ಬರುತ್ತದೆ. ಅಕ್ರಿಲಿಕ್ ಸ್ಟೆಮ್‌ಗಂತೂ ತೂತು ಕೊರೆದು ಬೇರೆ ಬಣ್ಣದ ತುಂಡು ಅಂಟಿಸಿ ಸಮ ಮಾಡುವುದೇ ವಾಸಿ. ಹೆಸರಾಂತ ಬ್ರಿಟಿಷ್ ಪೈಪ್ ಬ್ರಾಂಡ್ ಡನ್‌ಹಿಲ್‌ನ ಸ್ಟೆಮ್ಮಿನ ಬಿಳಿ ಚುಕ್ಕೆಯೂ ಒತ್ತಿದ್ದಲ್ಲ, ಕೂರಿಸಿದ್ದು. ಅಕ್ರಿಲಿಕ್‌ಗೂ ಇದೇ ಡೈ "ಆಗುತ್ತೆ ಸರ್" ಅಂದಿದ್ದರು ಆ ಪುಣ್ಯಾತ್ಮರು.