ಒಂದೇ ಗೋಡೆ, ಎರಡು ಮಾಳಿಗೆ: ನನ್ನ ಹಳೆಯ ಪಾಲಿ, ಅಣ್ಣನ ಹೊಸ ಟಾಪ್‌ಕಾನ್

ಪುಣೆಯ ಧಾಯರಿಯಲ್ಲಿ ನನ್ನ ಮನೆ, ಅಣ್ಣನ ಮನೆ ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಇರೋದು ಒಂದೇ ಗೋಡೆ. ನನ್ನ ಮಾಳಿಗೆ ಮೇಲೆ 2018ರಲ್ಲಿ ಹಾಕಿಸಿದ ಹತ್ತು ಪಾಲಿಕ್ರಿಸ್ಟಲೈನ್ (ಹಳೆಯ ಬಗೆ, ಚಿಕ್ಕದಾಗಿ ಪಾಲಿ) ಸೋಲಾರ್ ಪ್ಯಾನೆಲ್ ಇವೆ, ಒಂದೊಂದೂ 325 ವ್ಯಾಟ್. ಅಣ್ಣ 2024ರ ಅಕ್ಟೋಬರ್‌ನಲ್ಲಿ ಟಾಪ್‌ಕಾನ್ ಅನ್ನೋ ಹೊಸ ಬಗೆಯ ಆರು ಬೈಫೇಶಿಯಲ್ ಪ್ಯಾನೆಲ್ ಹಾಕಿಸಿದ, ಒಂದೊಂದೂ 570 ವ್ಯಾಟ್. ನನ್ನದು ಒಟ್ಟು 3.25 ಕಿಲೋವ್ಯಾಟ್, ಅವನದು 3.42. ಎರಡೂ ದಕ್ಷಿಣಕ್ಕೆ ಮುಖ ಮಾಡಿವೆ. ಬಿಸಿಲು, ಮಳೆ, ಸಿಂಹಗಡ ರಸ್ತೆಯ ಧೂಳು ಎಲ್ಲಾ ಒಂದೇ. ಹೋಲಿಸಿ ನೋಡೋಕೆ ಇಂಥ ಅವಕಾಶ ಎಲ್ಲರಿಗೂ ಸಿಗಲ್ಲ. ಹಾಗಾಗಿ ದಿನಾ ಸಂಜೆ ಪ್ಯಾನೆಲ್ ಕರೆಂಟನ್ನು ಮನೆ ಕರೆಂಟಾಗಿ ಮಾಡುವ ಎರಡೂ ಇನ್ವರ್ಟರ್ ನೋಡಿ ಒಂದು ವಹಿಯಲ್ಲಿ ಯೂನಿಟ್ ಬರೆದಿಡುತ್ತಾ ಬಂದೆ.

ಮೊದಲು ಜಾಗದ ಮಾತು. ನನ್ನ ಹತ್ತು ಪ್ಯಾನೆಲ್ ಸುಮಾರು 210 ಚದರ ಅಡಿ ಹಿಡಿದಿವೆ. ಅಣ್ಣನ ಆರಕ್ಕೆ 167 ಸಾಕಾಯಿತು, ಆದರೂ ವ್ಯಾಟ್ ಜಾಸ್ತಿ. ನನ್ನವು ಮೇಲೆ ಬಿದ್ದ ಬಿಸಿಲಲ್ಲಿ ಶೇ. 17ರಷ್ಟನ್ನು ಕರೆಂಟ್ ಮಾಡುತ್ತವೆ, ಅವನವು ಶೇ. 22ರಷ್ಟು. ಟಾಪ್‌ಕಾನ್‌ನಲ್ಲಿ ಸಿಲಿಕಾನ್ ಬಿಲ್ಲೆಯ ಹಿಂಬದಿಗೆ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಇರುತ್ತೆ. ಲೋಹದ ತಂತಿ ತಾಗುವ ಜಾಗದಲ್ಲಿ ಮೊದಲು ಪೋಲಾಗುತ್ತಿದ್ದ ಕರೆಂಟನ್ನು ಅದು ಉಳಿಸುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಇದನ್ನು 2013ರಲ್ಲಿ ತೋರಿಸಿಕೊಟ್ಟರು. ಹನ್ನೊಂದೇ ವರ್ಷಕ್ಕೆ ಅದು ಧಾಯರಿಯ ಮಾಳಿಗೆಗೆ ಬಂದಿದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಇನ್ನು ಯೂನಿಟ್. ಬಿಸಿಲು ದಿನಕ್ಕೊಂದು ಥರ, ಅಲ್ವಾ? ಅದಕ್ಕೆ ಬರೀ ಹೊಸದನ್ನು ನೋಡಿ "ಇವತ್ತು ಚೆನ್ನಾಗಿ ಬಂತು" ಅಂದರೆ ಏನೂ ಗೊತ್ತಾಗಲ್ಲ. ಪಕ್ಕದಲ್ಲಿ ಹಳೆಯದು ಇರೋದರಿಂದ ಅದೇ ನಮಗೆ ಅಳತೆಗೋಲಾಯಿತು. 2024ರ ಡಿಸೆಂಬರ್‌ನಲ್ಲಿ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನನ್ನದು 4.1 ಯೂನಿಟ್, ಅವನದು 4.6. ಏಪ್ರಿಲ್‌ನಲ್ಲಿ 4.4 ಮತ್ತು 5.2. ಜುಲೈ ಮಳೆಯಲ್ಲಿ 2.2 ಮತ್ತು 2.5. ನನ್ನ ಪ್ಯಾನೆಲ್‌ಗಳಿಗೆ ವಯಸ್ಸಾಗಿದೆ ಅನ್ನೋದನ್ನೂ ಮರೆಯಬಾರದು. ಈ ವ್ಯತ್ಯಾಸದಲ್ಲಿ ಒಂದು ಪಾಲು ಅದರದ್ದೇ.

ಏಪ್ರಿಲ್‌ನಲ್ಲಿ ಅಂತರ ಯಾಕೆ ಹೆಚ್ಚಾಯಿತು? ಭೋಸರಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಮಧ್ಯಾಹ್ನ ಎರಡು ಗಂಟೆಗೆ ಪ್ಯಾನೆಲ್‌ಗಳ ಹೊಟ್ಟೆಗೆ ಹಿಡಿದೆ. ನನ್ನದು 64 ಡಿಗ್ರಿ, ಅಣ್ಣನದು 59. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅದರ ಮೇಲೆ ಏರಿದ ಒಂದೊಂದು ಡಿಗ್ರಿಗೂ ಪಾಲಿ ಸುಮಾರು ಶೇ. 0.4 ಕಳೆದುಕೊಳ್ಳುತ್ತದೆ, ಟಾಪ್‌ಕಾನ್ ಸುಮಾರು ಶೇ. 0.29. ಲೆಕ್ಕ ಹಾಕಿದರೆ ಆ ಹೊತ್ತಿಗೆ ನನ್ನದು ಬರೀ ಶಾಖಕ್ಕೇ ಶೇ. 15ಕ್ಕಿಂತ ಜಾಸ್ತಿ ಕಳೆದುಕೊಂಡಿತ್ತು, ಅಣ್ಣನದು ಶೇ. 10ರಷ್ಟು. ಆದರೆ ಆ ಐದು ಡಿಗ್ರಿ ತಂಪು ಟಾಪ್‌ಕಾನ್‌ನಿಂದ ಬಂದದ್ದಲ್ಲ. ನನ್ನ ಪ್ಯಾನೆಲ್ ನೆಲದಿಂದ ಒಂದೇ ಅಡಿ ಮೇಲಿವೆ. ಅಣ್ಣ ಎಂಟು ಅಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಮಾಡಿಸಿದ್ದಾನೆ, ಕೆಳಗೆ ಗಾಳಿ ಆಡುತ್ತದೆ. ವೈನಿ (ಅತ್ತಿಗೆ) ಅಲ್ಲೇ ಮಂಚ ಹಾಕಿ ಸಂಡಿಗೆ ಒತ್ತುತ್ತಾರೆ, ಆಮೇಲೆ ಅಂಚಿನ ಬಿಸಿಲಿಗೆ ಎಳೆದಿಡುತ್ತಾರೆ.

ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ನೆರಳು. ಹೊಸ ಪ್ಯಾನೆಲ್ ಹಾಫ್‌ಕಟ್ (ಮೇಲಿನರ್ಧ, ಕೆಳಗಿನರ್ಧ ಬೇರೆ ಬೇರೆಯಾಗಿ ಜೋಡಿಸಿದ್ದು), ಅರ್ಧಕ್ಕೆ ನೆರಳು ಬಿದ್ದರೂ ಉಳಿದರ್ಧ ಕೆಲಸ ಮಾಡುತ್ತೆ ಅಂತ ಹಾಕಲು ಬಂದವರು ಹೇಳಿದ್ದರು. ಜನವರಿಯ ಒಂದು ಭಾನುವಾರ ಮಧ್ಯಾಹ್ನ ಇದನ್ನು ಪರೀಕ್ಷೆ ಮಾಡಿದೆವು. ಹಳೆಯ ಚಾದರ ಮಡಚಿ ನನ್ನ ಒಂದು ಪ್ಯಾನೆಲ್‌ನ ಕೆಳಗಿನ ಸಾಲಿನ ಬಿಲ್ಲೆಗಳಿಗೆ ಹೊದಿಸಿದೆ. 2340 ವ್ಯಾಟ್ ಇದ್ದದ್ದು 2100ರ ಹತ್ತಿರ ಇಳಿಯಿತು, ಅಂದರೆ ಒಂದು ಪ್ಯಾನೆಲ್ ಪೂರ್ತಿ ಹೋಯಿತು. ಅಣ್ಣ ಏಣಿ ಹತ್ತಿ ತನ್ನದಕ್ಕೂ ಹಾಗೇ ಹೊದಿಸಿದ. 2760 ಇದ್ದದ್ದು 2300ಕ್ಕೆ ಬಂತು! ಅಲ್ಲೂ ಪೂರ್ತಿ ಪ್ಯಾನೆಲ್ ಹೋಯಿತು. "ಅರ್ಧ ಉಳೀತದ ಅಂದಿದ್ರಲ್ಲೋ, ಏನಾತು?" ಅಂತ ಏಣಿ ಮೇಲಿಂದಲೇ ಕೇಳಿದ.

ಕಾರಣ ಇಷ್ಟು. ಆರೂ ಪ್ಯಾನೆಲ್ ಒಂದೇ ಸರದಲ್ಲಿವೆ, ಸರದಲ್ಲಿ ಒಂದೇ ಕರೆಂಟ್ ಹರಿಯಬೇಕು. ಕೆಳಸಾಲು ಮುಚ್ಚಿದರೆ ಆ ಪ್ಯಾನೆಲ್‌ನ ಕೆಳಗಿನರ್ಧ ನಿಲ್ಲುತ್ತೆ, ಅದು ಅರ್ಧ ಕರೆಂಟ್ ಮಾತ್ರ ಕೊಡಬಲ್ಲದು. ಅದಕ್ಕಾಗಿ ಉಳಿದ ಐದನ್ನೂ ಅರ್ಧಕ್ಕೆ ಇಳಿಸುವ ಬದಲು ಇನ್ವರ್ಟರ್ ಅದೊಂದನ್ನು ಬಿಟ್ಟು ಮುಂದೆ ಹೋಗುತ್ತದೆ. ಪ್ಯಾನೆಲ್‌ನಲ್ಲಿ ಕರೆಂಟಿಗೆ ಬಳಸುದಾರಿ ಕೊಡುವ ಬೈಪಾಸ್ ಡಯೋಡ್ ಇರೋದೇ ಇದಕ್ಕೆ. ಹಾಗಾಗಿ ಒಂದೇ ಪ್ಯಾನೆಲ್ ಮೇಲೆ ನೆರಳು ಬಿದ್ದರೆ ನನಗೆ ಹತ್ತರಲ್ಲಿ ಒಂದು ನಷ್ಟ, ಅಣ್ಣನಿಗೆ ಆರರಲ್ಲಿ ಒಂದು. ಪ್ಯಾನೆಲ್ ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ಪ್ಯಾನೆಲ್‌ಗೊಂದು ಮೈಕ್ರೋ ಇನ್ವರ್ಟರ್ ಇದ್ದಿದ್ದರೆ ಉಳಿದರ್ಧ ನಿಜಕ್ಕೂ ಸಿಗುತ್ತಿತ್ತು, ಆದರೆ ಅದಕ್ಕೆ ದುಡ್ಡು ಜಾಸ್ತಿ. ಹಾಫ್‌ಕಟ್‌ನ ಲಾಭ ಕಾಣೋದು ಪ್ಯಾನೆಲ್‌ಗಳ ಸಾಲಿಗೆ ಸಾಲೇ ಕೆಳಗಿನಿಂದ ನೆರಳಾದಾಗ. ಬೆಳಿಗ್ಗೆ ನನ್ನ ಸಾಲಿನ ಕೆಳತುದಿಗೆ ಕಟ್ಟೆಗೋಡೆಯ ನೆರಳು ತಾಗಿದರೆ ಉತ್ಪಾದನೆ ಬಹುತೇಕ ನಿಂತೇ ಹೋಗುತ್ತೆ. ಹಾಫ್‌ಕಟ್ ಇದ್ದರೆ ಅಂಥಲ್ಲಿ ಮೇಲಿನರ್ಧ ನಡೆಯುತ್ತಿತ್ತು. ಅಣ್ಣನ ನೀರಿನ ಟಾಕಿ ನೈರುತ್ಯದಲ್ಲಿತ್ತು, ನಾಲ್ಕು ಗಂಟೆಗೆ ಸರಿಯಾಗಿ ಒಂದು ಪ್ಯಾನೆಲ್ ಮೇಲೆ ನೆರಳು ಚೆಲ್ಲುತ್ತಿತ್ತು. ಮರುವಾರವೇ ಅದನ್ನು ಉತ್ತರದ ಮೂಲೆಗೆ ಸರಿಸಿದೆವು.

ಬೈಫೇಶಿಯಲ್ ಅಂದರೆ ನೆಲದಿಂದ ತಿರುಗಿ ಬರುವ ಬೆಳಕನ್ನು ಹಿಂಬದಿಯೂ ಹಿಡಿಯುತ್ತೆ. ಮಾಳಿಗೆ ಕಪ್ಪಗೆ ಪಾಚಿಗಟ್ಟಿದ್ದರೆ ಏನು ಬಂತು? ಮಾರ್ಚ್‌ನಲ್ಲಿ ತಿಕ್ಕಿ ತೊಳೆದು ಬಿಳಿ ಬಣ್ಣ ಹೊಡೆಸಿದೆವು. ಆ ವಾರದಿಂದಲೇ ನನ್ನದಕ್ಕೆ ಹೋಲಿಸಿದರೆ ಅವನದು ಶೇ. 3ರಷ್ಟು ಮೇಲೇರಿತು. ತಗ್ಗಿನ ಚೌಕಟ್ಟಾದರೆ ಹಿಂಬದಿಗೆ ಬೆಳಕು ಅಷ್ಟಾಗಿ ತಲುಪಲ್ಲ, ಅಂಥಲ್ಲಿ ಹಾಕಿಸುವವರು ಬೈಫೇಶಿಯಲ್‌ಗೆ ಅಂತ ಹೆಚ್ಚು ಹಣ ಕೊಡಬೇಡಿ.

ಖರ್ಚಿನಲ್ಲಿ ನನಗೆ ಅಂದು 1.9 ಲಕ್ಷ ಬಿತ್ತು. ಅಣ್ಣನಿಗೆ ಎತ್ತರದ ಚೌಕಟ್ಟು ಸೇರಿ 2.1 ಲಕ್ಷ, ಅದರಲ್ಲಿ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಿಂದ 78,000 ರೂಪಾಯಿ ವಾಪಸ್ ಬಂತು. ಸಬ್ಸಿಡಿ ಬೇಕಾದರೆ ಸೆಲ್ (ಒಳಗಿನ ಸಿಲಿಕಾನ್ ಬಿಲ್ಲೆ) ಕೂಡ ಭಾರತದಲ್ಲೇ ತಯಾರಾದ ಪ್ಯಾನೆಲ್ ಬೇಕು, ಅವುಗಳ ಬೆಲೆ ಸ್ವಲ್ಪ ಜಾಸ್ತಿ. ಕರೆಂಟ್ ಹೋದರೆ ಮಾತ್ರ ಇಬ್ಬರದೂ ಬಂದ್. ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸೋಕೆ ಆನ್‌ಗ್ರಿಡ್ (ಊರಿನ ಕರೆಂಟ್ ಲೈನಿಗೆ ಜೋಡಿಸಿದ) ಇನ್ವರ್ಟರ್ ತಾನೇ ಆಫ್ ಆಗುತ್ತೆ. ವೈನಿಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅವರಿಗೆ ಬೇಜಾರಾಯಿತು.

ಹೊಸದಾಗಿ ಹಾಕಿಸುವವರಿಗೆ, ಅದರಲ್ಲೂ ಮಾಳಿಗೆ ಚಿಕ್ಕದಿದ್ದರೆ, ಟಾಪ್‌ಕಾನ್ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಚೆನ್ನಾಗಿ ನಡೆಯುತ್ತಿರುವ ಪಾಲಿಯನ್ನು ಕಿತ್ತು ಹಾಕಬೇಡಿ. ನಾನಂತೂ ಕೀಳುತ್ತಿಲ್ಲ. ವೆಲ್ಡರ್ ಮೊನ್ನೆ ಬಂದು ಅಳತೆ ತಗೊಂಡು ಹೋದ. ಬೇಸಿಗೆಗೆ ಮುಂಚೆ ನನ್ನ ಹತ್ತೂ ಪ್ಯಾನೆಲ್ ಎಂಟು ಅಡಿ ಮೇಲಕ್ಕೆ ಹೋಗಲಿವೆ, ಕಟ್ಟೆಗೋಡೆಯ ನೆರಳೂ ತಪ್ಪುತ್ತೆ. ಏಪ್ರಿಲ್‌ನಲ್ಲಿ ಮತ್ತೆ ಥರ್ಮಾಮೀಟರ್ ತರುತ್ತೇನೆ.