ಪೋಲಿಯೋ ಲಸಿಕೆ: ಬಾಯಿಗೆ ಹನಿಯೋ, ಇಂಜೆಕ್ಷನ್ನೋ?

ಎರಡೂ ಮಗುವನ್ನು ಪೋಲಿಯೋ ಲಕ್ವದಿಂದ ಕಾಪಾಡುತ್ತವೆ. ಬೇರೆಯಾಗಿರುವುದು ಕೆಲಸ ಮಾಡುವ ರೀತಿ.

ಹನಿಯಲ್ಲಿರುವುದು ಬಲ ಕುಂದಿಸಿದ, ಆದರೆ ಜೀವಂತ ವೈರಸ್. ನಾಲಿಗೆ ಮೇಲೆ ಎರಡೇ ಹನಿ. ಮಗು ಮುಖ ಸಿಂಡರಿಸುವಷ್ಟರಲ್ಲಿ ಮುಗಿಯಿತು. ಅದು ಕರುಳಿನಲ್ಲೇ ಕಾವಲು ಕೂರುತ್ತದೆ. ಪೋಲಿಯೋ ಜಾಸ್ತಿ ಹರಡುವುದು ಮಲದ ಮೂಲಕ ಅಲ್ವಾ? ಹಾಗಾಗಿ ಹರಡುವುದನ್ನು ತಡೆಯಲು ಹನಿಯೇ ಮೇಲು. ಆದರೆ ತೀರಾ ಅಪರೂಪಕ್ಕೆ, ಲಕ್ಷಾಂತರ ಡೋಸ್‌ಗಳಲ್ಲಿ ಒಮ್ಮೆ, ಆ ವೈರಸ್ಸೇ ಲಕ್ವ ತರಬಹುದು. ಲಸಿಕೆ ಹಾಕಿಸಿಕೊಂಡವರು ಕಡಿಮೆ ಇರುವ ಕಡೆ ಅದು ಹರಡುತ್ತಾ ಹರಡುತ್ತಾ ಮತ್ತೆ ಬಲ ಪಡೆಯುವುದೂ ಉಂಟು.

ಇಂಜೆಕ್ಷನ್‌ನಲ್ಲಿರುವುದು ಸತ್ತ ವೈರಸ್. 1955ರಿಂದ ಬಳಕೆಯಲ್ಲಿದೆ. ಅದರಿಂದ ಪೋಲಿಯೋ ಬರುವ ಮಾತೇ ಇಲ್ಲ. ಪೋಲಿಯೋ ವೈರಸ್ಸಿನ ಮೂರೂ ತಳಿಗಳ ವಿರುದ್ಧ ರಕ್ತದಲ್ಲಿ ಗಟ್ಟಿ ರಕ್ಷಣೆ ಸಿಗುತ್ತದೆ. ವಾಡಿಕೆಯ ಹನಿಯಲ್ಲಿ 2016ರಿಂದ ಎರಡನೇ ತಳಿ ಇಲ್ಲ. ಆದರೆ ಇಂಜೆಕ್ಷನ್‌ನಿಂದ ಕರುಳಿನಲ್ಲಿ ಸಿಗುವ ತಡೆ ಕಡಿಮೆ.

ನನ್ನನ್ನು ಕೇಳಿದರೆ, ಎರಡೂ ಕೊಡುವ ಕಡೆ ಎರಡನ್ನೂ ಹಾಕಿಸಿ. ಸುಮ್ನೆ ಒಂದನ್ನು ಬಿಡಬೇಡಿ. ಮನೆಯಲ್ಲಿ ಯಾರಿಗಾದರೂ ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇದ್ದರೆ ಹನಿ ಬೇಡ, ಇಂಜೆಕ್ಷನ್ನೇ ಸರಿ. ಈ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ.